ಮನೆಯ ನಾಯಿಗೆ ಧಾನ್ಯ ವರ್ಜ್ಯವೇ?

ಗಿರಿನಗರದಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಕುಟುಂಬವಿದೆ. ಆ ಮನೆಯಲ್ಲಿ ಗೋಲ್ಡನ್ ರಿಟ್ರೀವರ್ ತಳಿಯ ಆರು ವರ್ಷದ ನಾಯಿಯೊಂದುಂಟು. ಅದು ಮರಿಯಾಗಿದ್ದಾಗಿನಿಂದಲೂ ಮನೆಯ ಹಿರಿಯ ತಾಯಿಯೇ ಅದಕ್ಕೆ ಬೆಳಿಗ್ಗೆ ರಾಗಿ ಅಂಬಲಿ, ರಾತ್ರಿ ಮೊಸರನ್ನ, ಜೊತೆಗೆ ಒಂದಿಷ್ಟು ಅಂಗಡಿಯ ಒಣ ಆಹಾರ ಕೊಟ್ಟು ಸಾಕಿದವರು. ಎರಡು ವರ್ಷಗಳ ಹಿಂದೆ ನಾಯಿ ಸದಾ ಮೈ ಕೆರೆದುಕೊಳ್ಳತೊಡಗಿತು. ಬಾಲದ ಬುಡದ ಕೂದಲು ಉದುರಿತು. ಅಜ್ಜಿ ಹಾಕುವ ಧಾನ್ಯವೇ ಇದಕ್ಕೆಲ್ಲ ಕಾರಣವೆಂದು ಮೊಮ್ಮಗ ನಿರ್ಣಯಿಸಿದ. ‘ಧಾನ್ಯರಹಿತ’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದ ದುಬಾರಿ ಚೀಲವೊಂದು ಮನೆಗೆ ಬಂದಿತು. ಅಂಬಲಿ, ಅನ್ನ ಎರಡೂ ನಿಂತವು.

ಒಂದು ಸಂಜೆ ನಾವು ಆ ಮನೆಗೆ ಹೋಗಿದ್ದಾಗ ಆ ತಾಯಿ ಕೇಳಿದರು: "ಅಯ್ಯನವರೇ, ಇಷ್ಟು ವರ್ಷ ನಾನು ಹಾಕಿದ ಅನ್ನವೇ ಇದಕ್ಕೆ ವಿಷವಾಯಿತೇ?"

ನಮ್ಮ ವಿದ್ಯೆ ಮಠದಲ್ಲಿ ಕಲಿತ ಶಾಸ್ತ್ರಗ್ರಂಥಗಳದು, ಪಶುವೈದ್ಯವಲ್ಲ. ಆದರೂ ಆ ಪ್ರಶ್ನೆ ನಮ್ಮನ್ನು ಸುಮ್ಮನಿರಗೊಡಲಿಲ್ಲ. ಬಲ್ಲ ಪಶುವೈದ್ಯರನ್ನು ಕೇಳಿ, ದೊರೆತ ಬರಹಗಳನ್ನು ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಇಂದು ಜಯನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ ನಡೆದಿರುವುದರಿಂದ ಓದುಗರಿಗೆ ಪ್ರಯೋಜನವಾದೀತು.

ನಾಯಿಗೂ ಧಾನ್ಯಕ್ಕೂ ಇರುವ ನಂಟು

ನಾಯಿ ತೋಳದ ವಂಶದ್ದು, ಆದಕಾರಣ ಧಾನ್ಯ ಅದರ ಪ್ರಕೃತಿಗೆ ಒಗ್ಗದು ಎಂಬುದು ಧಾನ್ಯರಹಿತ ಆಹಾರದ ಪರವಾಗಿ ಹೇಳುವ ಮೊದಲ ಮಾತು. ವಂಶದ ಮಾತು ನಿಜ. ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿ ತೋಳದಲ್ಲಿ ಎರಡು ಪ್ರತಿಗಳಷ್ಟಿದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಕಂಡುಬಂದಿತು. ಮನುಷ್ಯನ ಅಂಗಳದಲ್ಲಿ ಉಂಡು ಬೆಳೆಯುತ್ತ ನಾಯಿಯ ದೇಹವೂ ಅವನ ಊಟಕ್ಕೆ ಹೊಂದಿಕೊಂಡಿತೆಂದು ಇದರ ಅರ್ಥ.

ಇದನ್ನು ಕಾಣಲು ನಾವು ಸ್ವೀಡನ್ನಿಗೇ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ಅರಿಯದ ಕನ್ನಡಿಗರು ವಿರಳ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿ ಹೊರತಂದಿತು. 2016ರಲ್ಲಿ ಆ ತಳಿಯ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಗಾಳಿಯಂತೆ ಓಡುವ ಈ ನಾಯಿಯನ್ನು ಆ ಸೀಮೆಯ ರೈತರು ತಲೆಮಾರುಗಳಿಂದ ಸಾಕಿದ್ದು ಜೋಳ, ಗೋವಿನಜೋಳಗಳ ರೊಟ್ಟಿ, ನುಚ್ಚು ಮತ್ತು ಹಾಲಿನ ಮೇಲೆ. ಧಾನ್ಯವೇ ದೋಷವಾಗಿದ್ದರೆ ಆ ತಳಿ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಆದರೆ ಎದುರುಪಕ್ಷದ ಮಾತನ್ನೂ ಹೇಳಬೇಕು. ಧಾನ್ಯವಿಲ್ಲದಿದ್ದರೆ ನಾಯಿ ಬದುಕದು ಎಂದೇನೂ ಇಲ್ಲ. ಅದಕ್ಕೆ ಬೇಕಾದುದು ಸಾಕಷ್ಟು ಸಸಾರಜನಕ, ಕೊಬ್ಬು, ಲವಣ ಮತ್ತು ಜೀವಸತ್ವಗಳು. ಅವು ಸರಿಯಾದ ಪ್ರಮಾಣದಲ್ಲಿ ದೊರೆಯುತ್ತಿವೆಯೇ ಎಂಬುದೇ ಮುಖ್ಯ ಪ್ರಶ್ನೆ.

ಚೀಲದಲ್ಲಿ ಏನಿದೆ?

2007ರಲ್ಲಿ ಉತ್ತರ ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರ ತಿಂದು ಬಹಳಷ್ಟು ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದರು. ತಪ್ಪು ಕಲಬೆರಕೆಯದು, ಅಪವಾದ ಬಂದದ್ದು ಗೋಧಿಗೆ. ಧಾನ್ಯರಹಿತ ಆಹಾರದ ವ್ಯಾಪಾರ ಬೆಳೆಯಲು ಆ ಭಯವೂ ಒಂದು ಕಾರಣವಾಯಿತು.

ಧಾನ್ಯವನ್ನು ತೆಗೆದ ಮೇಲೆ ಆ ಜಾಗಕ್ಕೆ ಮತ್ತೇನನ್ನೋ ತುಂಬಲೇಬೇಕು. ಚೀಲದ ಹಿಂಬದಿಯನ್ನು ಓದಿದರೆ ಬಟಾಣಿ, ಮಸೂರ, ಕಡಲೆ, ಆಲೂಗಡ್ಡೆ, ಗೆಣಸುಗಳ ಹೆಸರು ಸಿಗುತ್ತದೆ. ಪಿಷ್ಟ ಹೋಗಲಿಲ್ಲ, ಅದರ ಮೂಲ ಮಾತ್ರ ಬದಲಾಯಿತು.

2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಂದು ಎಚ್ಚರಿಕೆ ನೀಡಿತು. ಹೃದಯದ ಸ್ನಾಯು ಸಡಿಲಗೊಂಡು ಹೃದಯ ಹಿಗ್ಗುವ ರೋಗ ಕೆಲವು ನಾಯಿಗಳಲ್ಲಿ ಕಾಣುತ್ತಿದೆ, ಅವುಗಳ ಆಹಾರದಲ್ಲಿ ಬೇಳೆಕಾಳುಗಳದೇ ಪ್ರಾಧಾನ್ಯವಿದೆ ಎಂಬುದು ಅದರ ಸಾರ. 2019ರ ಏಪ್ರಿಲ್ ಕೊನೆಯವರೆಗೆ ಬಂದ ವರದಿಗಳು 524. ಅವುಗಳಲ್ಲಿ ಹೆಸರಿಸಿದ ಆಹಾರಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಧಾನ್ಯರಹಿತವಾಗಿದ್ದವು. ಹೆಚ್ಚಿನವುಗಳಲ್ಲಿ ಬಟಾಣಿ ಅಥವಾ ಮಸೂರವಿತ್ತು. ವರದಿಯಾದ ತಳಿಗಳಲ್ಲಿ ಗೋಲ್ಡನ್ ರಿಟ್ರೀವರ್ ಮುಂದಿತ್ತು. ಆಹಾರವೇ ಕಾರಣವೆಂದು ಈವರೆಗೆ ಸಿದ್ಧವಾಗಿಲ್ಲ. 2022ರ ಡಿಸೆಂಬರಿನಲ್ಲಿ ಆ ಸಂಸ್ಥೆಯೂ, ಹೊಸ ವೈಜ್ಞಾನಿಕ ಮಾಹಿತಿ ದೊರೆಯುವತನಕ ಹೆಚ್ಚಿನ ಪ್ರಕಟಣೆ ಇಲ್ಲವೆಂದಿತು. ಸಿದ್ಧವಾಗದಿದ್ದರೂ, ಅಗತ್ಯವಿಲ್ಲದೆ ಅಪಾಯದ ಹಾದಿ ಹಿಡಿಯುವುದು ವಿವೇಕವಲ್ಲ.

ವಿದ್ವಾಂಸರು ಸೂಚಿಸುವ ಒಂದು ಕಾರಣ ನಮ್ಮ ತಾಯಂದಿರಿಗೆ ಬೇಗ ಅರ್ಥವಾಗುವಂಥದು. ಹೃದಯದ ಸ್ನಾಯುವಿಗೆ ಟಾರಿನ್ ಎಂಬ ಪದಾರ್ಥ ಬೇಕು. ಅದನ್ನು ನಾಯಿಯ ದೇಹವು ಮೆಥಿಯೊನಿನ್ ಮತ್ತು ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿಂದ ತಯಾರಿಸಿಕೊಳ್ಳುತ್ತದೆ. ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ಆ ಕೊರತೆಯನ್ನು ತುಂಬಿಕೊಡುವುದು ಧಾನ್ಯ. ಅನ್ನದೊಡನೆ ಬೇಳೆ, ರೊಟ್ಟಿಯೊಡನೆ ಕಾಳಿನ ಪಲ್ಯ ಎಂದು ನಮ್ಮ ಹಿರಿಯರು ಜೋಡಿಸಿದ್ದರಲ್ಲಿ ಇದೇ ಗುಣವಿದೆ.

ತುರಿಕೆಗೆ ಧಾನ್ಯವೇ ಕಾರಣವೇ?

ಕೆಲವು ನಾಯಿಗಳಿಗೆ ಧಾನ್ಯ ಒಗ್ಗದಿರುವುದು ಉಂಟು. ಆದರೆ ಅದು ವಿರಳ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಆಹಾರದ ಅಲರ್ಜಿಯಿದ್ದ ನಾಯಿಗಳಲ್ಲಿ ನೂರಕ್ಕೆ 34ಕ್ಕೆ ದನದ ಮಾಂಸ, 17ಕ್ಕೆ ಹಾಲಿನ ಪದಾರ್ಥ, 15ಕ್ಕೆ ಕೋಳಿಮಾಂಸ, 13ಕ್ಕೆ ಗೋಧಿ ಒಗ್ಗಿರಲಿಲ್ಲ. ಅಕ್ಕಿಯ ಪಾಲು ತೀರ ಕಡಿಮೆ. ಇದಲ್ಲದೆ, ತುರಿಕೆಯ ಹೆಚ್ಚಿನ ಕಾರಣಗಳು ತಟ್ಟೆಯ ಹೊರಗೇ ಇವೆ: ಚಿಗಟ, ಉಣ್ಣೆ, ಧೂಳು, ಪರಾಗ. ಅನುಮಾನವಿದ್ದಲ್ಲಿ ಪಶುವೈದ್ಯರು ಸುಮಾರು ಎಂಟು ವಾರಗಳ ಕಾಲ ನಾಯಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಕೊಡಿಸಿ, ಗುಣ ಕಂಡ ಬಳಿಕ ಹಳೆಯದನ್ನು ಮತ್ತೆ ಹಾಕಿ ಪರೀಕ್ಷಿಸುತ್ತಾರೆ. ಇದೇ ನಂಬತಕ್ಕ ಪರೀಕ್ಷೆ.

ಅಡುಗೆಮನೆಯ ಎಚ್ಚರ

ಹಾಗೆಂದು ಅಂಬಲಿ, ಮೊಸರನ್ನಗಳೇ ಸಾಕೆಂದು ತಿಳಿಯಬಾರದು. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ನಿಜ. ಆದರೆ ನಾಯಿಗೆ ಬೇಕಾದ ಸಸಾರಜನಕ ಅದೊಂದರಿಂದ ದೊರೆಯದು. ಸಸ್ಯಾಹಾರವನ್ನೇ ಪಾಲಿಸುವ ನಮ್ಮ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಟಾರಿನ್ ಸಸ್ಯಗಳಲ್ಲಿ ಸಿಗುವಂಥದಲ್ಲ. ಆದುದರಿಂದ ಟಾರಿನ್, ಮೆಥಿಯೊನಿನ್ ಸೇರಿಸಿ ತಯಾರಿಸಿದ ಪರಿಪೂರ್ಣ ಸಸ್ಯಾಹಾರಿ ಒಣ ಆಹಾರವನ್ನು ವೈದ್ಯರನ್ನು ಕೇಳಿ ಆರಿಸಿ, ಮನೆಯ ಅನ್ನ, ಅಂಬಲಿಯನ್ನು ಅದರ ಜೊತೆಗೆ ಮಿತವಾಗಿ ಕೊಡುವುದು ಲೇಸು.

ಉಳಿದ ಹುಳಿಯನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕುವ ರೂಢಿಯನ್ನು ಬಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಮಾರಕ. ಅದಕ್ಕೆ ಕಾರಣವೆಂದು ಈಚೆಗೆ ಗುರುತಿಸಿರುವ ಟಾರ್ಟಾರಿಕ್ ಆಮ್ಲ ಹುಣಸೆಯಲ್ಲಿಯೂ ಹೇರಳವಾಗಿದೆ. ಹಬ್ಬದ ದಿನ ಒಣದ್ರಾಕ್ಷಿಯುಳ್ಳ ಪಾಯಸವನ್ನು ಪ್ರೀತಿಯಿಂದ ಹಾಕುವವರು ಇದನ್ನು ಮರೆಯಬಾರದು.

ಯಾವುದೇ ಆಹಾರ ಬದಲಿಸುವಾಗ ಒಂದೇ ದಿನ ಬದಲಿಸದೆ, ಹಳೆಯದರೊಡನೆ ಹೊಸದನ್ನು ಬೆರೆಸುತ್ತ ಒಂದು ವಾರದಲ್ಲಿ ಪೂರ್ತಿ ಮಾಡಬೇಕು. ಈಗಾಗಲೇ ಧಾನ್ಯರಹಿತ ಆಹಾರ ಕೊಡುತ್ತಿರುವವರು ಗಾಬರಿಗೊಳ್ಳದೆ, ನಾಯಿಯನ್ನು ವೈದ್ಯರಿಗೆ ತೋರಿಸಿ ಹೃದಯವನ್ನು ಪರೀಕ್ಷಿಸಲಿ. ಬೇಗ ಆಯಾಸ, ಕೆಮ್ಮು, ಮೂರ್ಛೆ ಕಂಡರೆ ತಡಮಾಡಬಾರದು.

ಆ ಮನೆಯ ಕಥೆ ಮುಂದೇನಾಯಿತು? ಒಂದೂವರೆ ವರ್ಷವಾದರೂ ತುರಿಕೆ ನಿಲ್ಲಲಿಲ್ಲ. ಜೊತೆಗೆ, ಸಂಜೆಯ ತಿರುಗಾಟದಲ್ಲಿ ನಾಯಿ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕುಳಿತುಬಿಡತೊಡಗಿತು. ಪರೀಕ್ಷಿಸಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ "ಏನು ತಿನ್ನಿಸುತ್ತೀರಿ?" ಎಂಬುದು. ಸ್ಕ್ಯಾನ್ ಮಾಡಿದಾಗ ಹೃದಯ ಹಿಗ್ಗಿರುವುದು ಕಂಡಿತು. ತುರಿಕೆಗೆ ಕಾರಣ ಚಿಗಟವೆಂದೂ ತಿಳಿಯಿತು. ಚೀಲ ಬದಲಾಯಿತು, ಔಷಧ ಮತ್ತು ಟಾರಿನ್ ಆರಂಭವಾದವು. ಒಂಬತ್ತು ತಿಂಗಳ ಬಳಿಕ ಮಾಡಿದ ಸ್ಕ್ಯಾನಿನಲ್ಲಿ ಹೃದಯ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ಆಹಾರವೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ, ನಾವೂ ಹೇಳುವುದಿಲ್ಲ.

ಮೊನ್ನೆ ಹೋದಾಗ ನಾಯಿ ಬಾಗಿಲಿಗೇ ಓಡಿ ಬಂದಿತು. ಹಿಂದೆ ಆ ತಾಯಿ, ಕೈಯಲ್ಲಿ ಅಂಬಲಿಯ ಬಟ್ಟಲು. ವೈದ್ಯರು ಹೇಳಿದ ಅಳತೆಯನ್ನು ಮೊಮ್ಮಗನೇ ಬಟ್ಟಲಿನ ಒಳಗೆ ಗೆರೆ ಎಳೆದು ಗುರುತಿಸಿಕೊಟ್ಟಿದ್ದಾನೆ. ಆ ತಾಯಿಯ ಪ್ರಶ್ನೆಗೆ ನಾವು ಅಂದು ಕೊಡಲಾಗದ ಉತ್ತರವನ್ನು ಅಂದು ಸಂಜೆ ಕೊಟ್ಟೆವು: "ಇಲ್ಲ ತಾಯಿ, ನೀವು ಹಾಕಿದ್ದು ವಿಷವಲ್ಲ. ಅದೊಂದೇ ಸಾಲದಾಗಿತ್ತು, ಅಷ್ಟೆ."