ಪಿಕಪ್ ಲಾರಿಯ ಮುಂಭಾಗವನ್ನು ಎತ್ತರಿಸುವುದರಿಂದ ಒದಗುವ ಬಾಧಕಗಳು

ಹಿಂದೆ ಎತ್ತಿನ ಗಾಡಿಯಿಂದ ನಡೆಯುತ್ತಿದ್ದ ಸಾಗಾಣಿಕೆಯ ಕೆಲಸವು ಈಗ ಬಹುಮಟ್ಟಿಗೆ ಪಿಕಪ್ ಲಾರಿಗಳ ಪಾಲಿಗೆ ಬಂದಿರುವುದು ಜಮೀನುದಾರರೆಲ್ಲರಿಗೂ ತಿಳಿದ ವಿಷಯವೇ ಸರಿ. ಗೊಬ್ಬರದ ಮೂಟೆ, ಬಿತ್ತನೆಯ ಬೀಜ, ಟೊಮೆಟೊ ಪೆಟ್ಟಿಗೆ, ಹಾಲಿನ ಕ್ಯಾನು ಇವೆಲ್ಲವೂ ಅದರಲ್ಲಿಯೇ ಹೋಗಿ ಬರುತ್ತವೆ. ಇಂತಹ ಲಾರಿಯು ಬರಿದಾಗಿ ನಿಂತಿರುವಾಗ ಅದರ ಹಿಂಭಾಗವು ಮುಂಭಾಗಕ್ಕಿಂತ ಒಂದೆರಡು ಅಂಗುಲ ಎತ್ತರವಾಗಿ ಕಾಣುವುದುಂಟು. ಇದು ನೋಟಕ್ಕೆ ಚೆನ್ನಾಗಿಲ್ಲವೆಂದು ಎಣಿಸಿ ಮುಂಭಾಗವನ್ನು ಎತ್ತರಿಸಿ ಹಿಂಭಾಗಕ್ಕೆ ಸಮಮಾಡಿಸುವ ಪದ್ಧತಿಯೊಂದು ಅಮೆರಿಕಾ ದೇಶದಲ್ಲಿ ಹೆಚ್ಚಾಗಿ ಹಬ್ಬಿರುವುದಲ್ಲದೆ, ನಮ್ಮ ದೇಶದ ಪಿಕಪ್ ಮಾಲೀಕರಲ್ಲಿಯೂ ಕೆಲವರನ್ನು ಆಕರ್ಷಿಸಿದೆ. ಈ ಮಾರ್ಪಾಡಿನ ಗುಣದೋಷಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

1. ಹಿಂಭಾಗವು ಎತ್ತರವಾಗಿರಲು ಕಾರಣ

ಗಾಡಿಗೆ ಹೇರು ಹೇರುವ ಕ್ರಮವನ್ನು ಬಲ್ಲವರಿಗೆ ಈ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹೇರು ಹಿಂದಕ್ಕೆ ಸರಿದರೆ ನೊಗವು ಮೇಲೆದ್ದು ಕೊರಳ ಹಗ್ಗವು ಎತ್ತುಗಳನ್ನು ಬಿಗಿಯುತ್ತದೆ. ಮುಂದಕ್ಕೆ ಸರಿದರೆ ನೊಗವು ಅವುಗಳ ಹೆಗಲನ್ನು ಅಮುಕುತ್ತದೆ. ಆದಕಾರಣ ಬಲ್ಲ ರೈತನು ತುಂಬಿದ ಗಾಡಿಯ ಸಮತೂಕವನ್ನು ನೋಡುವನೇ ಹೊರತು ಬರಿಯ ಗಾಡಿಯ ಅಂದವನ್ನಲ್ಲ. ಪಿಕಪ್ಪಿನ ಸರಕಿನ ತೊಟ್ಟಿಯು ಹಿಂದಿನ ಅಚ್ಚಿನ ಮೇಲೆಯೇ ಇರುವುದರಿಂದ ಹೇರಿನ ಭಾರವು ಬಹುಪಾಲು ಹಿಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಹೇರು ತುಂಬಿದಾಗ ಹಿಂದಿನ ಉಕ್ಕಿನ ಪಟ್ಟಿಗಳು ತಗ್ಗಿ ವಾಹನವು ಸಮವಾಗಲೆಂದೇ ತಯಾರಕರು ಹಿಂಭಾಗವನ್ನು ಎತ್ತರವಾಗಿ ಇಟ್ಟಿರುತ್ತಾರೆ. ಬರಿದಾದ ಲಾರಿಯನ್ನು ಸಮಮಾಡಿದವನು ತುಂಬಿದ ಲಾರಿಯನ್ನು ಓರೆಮಾಡಿದಂತಾಯಿತು.

2. ಎತ್ತರಿಸುವ ವಿಧಾನಗಳು

ಈಗಿನ ಅನೇಕ ಪಿಕಪ್ಪುಗಳಲ್ಲಿ ಮುಂದಿನ ಎರಡು ಚಕ್ರಗಳೂ ಒಂದಕ್ಕೊಂದು ಸಂಬಂಧವಿಲ್ಲದೆ, ಮೇಲೊಂದು ಕೆಳಗೊಂದು ತೋಳುಗಳ ಆಧಾರದಿಂದ ಏರಿಳಿಯುತ್ತವೆ. ನಮ್ಮಲ್ಲಿ ಮಾರಾಟವಾಗುವ ಇಸುಜು ಡಿ-ಮ್ಯಾಕ್ಸ್ ಮತ್ತು 2022ರಲ್ಲಿ ಇಲ್ಲಿಗೆ ಬಂದ ಟೊಯೋಟಾ ಹೈಲಕ್ಸ್ ಎರಡೂ ಈ ಬಗೆಯವೇ. ಇಂತಹವುಗಳಲ್ಲಿ ಸುರುಳಿ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳ ಜೋಡಣೆಯ ತಲೆಯ ಮೇಲೆ ಲೋಹದ ಬಿಲ್ಲೆಯೊಂದನ್ನು ಸೇರಿಸುವುದು ಮೊದಲನೆಯ ವಿಧಾನ. ಈ ಜೋಡಣೆಯ ಬುಡವು ಕೆಳತೋಳಿನ ನಡುಭಾಗದಲ್ಲಿ ನಿಂತಿರುವುದರಿಂದ, 1 ಅಂಗುಲ ದಪ್ಪದ ಬಿಲ್ಲೆಯು ವಾಹನವನ್ನು ಹೆಚ್ಚು ಕಡಿಮೆ 2 ಅಂಗುಲದಷ್ಟು ಎತ್ತುತ್ತದೆ. ಬಿಲ್ಲೆಯನ್ನು ಸ್ಪ್ರಿಂಗಿನ ಮೇಲೆಯೇ ಕೂರಿಸಿ ಅದನ್ನು ಮುಂಚಿತವಾಗಿ ಅದುಮಿಡುವುದು ಎರಡನೆಯದು. ಅಮೆರಿಕಾದ ಜನರಲ್ ಮೋಟಾರ್ಸ್ ಕಂಪನಿಯವರು 1988ರ ಮಾದರಿಯಿಂದ ತಮ್ಮ ನಾಲ್ಕು ಚಕ್ರ ಚಾಲನೆಯ ಪಿಕಪ್ಪುಗಳ ಮುಂಭಾಗದಲ್ಲಿ ಸುರುಳಿಗೆ ಬದಲಾಗಿ ತಿರುಚುವ ಉಕ್ಕಿನ ಸಲಾಕೆಯನ್ನು ಉಪಯೋಗಿಸಿದರು. ಇಂತಹವುಗಳಲ್ಲಿ ಒಂದು ಬೋಲ್ಟನ್ನು ತಿರುಗಿಸಿದ ಮಾತ್ರಕ್ಕೆ ಮುಂಭಾಗವು ಏಳುತ್ತದೆ. ಇದು ಮೂರನೆಯ ವಿಧಾನ. ಖರ್ಚು ಅಲ್ಪವಾದುದರಿಂದಲೇ ಇವುಗಳಿಗೆ ಇಷ್ಟು ಪ್ರಚಾರ ದೊರಕಿದೆ.

3. ಯಾಂತ್ರಿಕ ಬಾಧಕಗಳು

(ಅ) ಚಕ್ರವು ಕೆಳಗಿಳಿಯುವ ಅವಕಾಶವು ಕಡಿಮೆಯಾಗುತ್ತದೆ. ಚಕ್ರವು ದಿಣ್ಣೆಯ ಮೇಲೆ ಏರುವುದು ಎಷ್ಟು ಅವಶ್ಯಕವೋ ಹಳ್ಳದೊಳಕ್ಕೆ ಇಳಿಯುವುದೂ ಅಷ್ಟೇ ಅವಶ್ಯಕ. ವಾಹನವನ್ನು ಎತ್ತಿದಾಗ ತೋಳುಗಳು ಮೊದಲೇ ಕೆಳಕ್ಕೆ ಜೋತುಬಿದ್ದಿರುವುದರಿಂದ ಇಳಿಯಲು ಉಳಿದಿರುವ ಎಡೆಯು ಸ್ವಲ್ಪವೇ. ಹೊಲದ ದಾರಿಯ ಗುಂಡಿಯಲ್ಲಿ ಚಕ್ರವು ಇಳಿದೊಡನೆ ಕೊನೆ ಮುಟ್ಟಿ ಬಡಿಯುತ್ತದೆ. ಸಲಾಕೆಯನ್ನು ತಿರುಚಿ ಎತ್ತಿದ ಲಾರಿಯು ಗಡುಸಾಗಿ ಓಡುವುದಕ್ಕೆ ಇದೇ ಮುಖ್ಯ ಕಾರಣವಲ್ಲದೆ, ಸಲಾಕೆಯ ಬಲವು ಹೆಚ್ಚಿತೆಂದು ತಿಳಿಯುವುದು ತಪ್ಪು.

(ಆ) ಕೀಲುಗಳು ಸವೆಯುತ್ತವೆ. ತೋಳಿನ ತುದಿಯ ಬಾಲ್ ಜಾಯಿಂಟು ಒಂದು ಮಿತಿಯೊಳಗಿನ ಓರೆಗೆ ಮಾತ್ರ ಮಾಡಲ್ಪಟ್ಟಿದೆ. ತಲೆಯ ಮೇಲೆ ಬಿಲ್ಲೆಯಿಟ್ಟಲ್ಲಿ ಚಕ್ರವು ಪೂರ್ತಿ ಇಳಿದಾಗ ಈ ಕೀಲು ಮಿತಿಯನ್ನು ಮೀರಿ ಸಿಕ್ಕಿಕೊಳ್ಳಬಹುದು. ಕೆಲವು ವಾಹನಗಳಲ್ಲಿ ಮೇಲ್ತೋಳು ಸ್ಪ್ರಿಂಗಿಗೆ ತಗಲುವುದೂ ಉಂಟು. ಈ ಕೀಲು ಕಳಚಿದರೆ ಚಕ್ರವು ಮಗುಚಿ ವಾಹನವು ಸ್ವಾಧೀನ ತಪ್ಪುವುದು.

(ಇ) ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ಅಚ್ಚುಗಳು ಹೆಚ್ಚು ಓರೆಯಾಗಿ ತಿರುಗಬೇಕಾಗುತ್ತದೆ. ಅವುಗಳ ಕೀಲುಗಳನ್ನು ಮುಚ್ಚಿರುವ ರಬ್ಬರಿನ ಚೀಲವು ಮಡಿಕೆಗಳಲ್ಲಿ ಉಜ್ಜಿ ಹರಿಯುತ್ತದೆ. ಗ್ರೀಸು ಸೋರಿ ಮಣ್ಣು ಒಳಹೊಕ್ಕು ಕೀಲು ಕೆಡುತ್ತದೆ. ಕೆಸರುಗದ್ದೆಯ ದಾರಿಯಲ್ಲಿ ಓಡಾಡುವವರಿಗೆ ಇದರ ನಷ್ಟವು ಬೇಗನೆ ಅನುಭವಕ್ಕೆ ಬರುವುದು.

(ಈ) ಚಕ್ರಗಳ ಓರಣವು ತಪ್ಪುತ್ತದೆ. ಸ್ಟಿಯರಿಂಗಿನ ಟೈ ರಾಡು ಮತ್ತು ತೋಳುಗಳ ಓರೆಯು ಬದಲಾದೊಡನೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುತ್ತವೆ. ಟೈರಿನ ಒಂದು ಅಂಚು ಮಾತ್ರ ಸವೆಯುತ್ತದೆ. ಉಬ್ಬುತಗ್ಗಿನಲ್ಲಿ ಚಾಲಕನು ತಿರುಗಿಸದಿದ್ದರೂ ವಾಹನವು ತಾನಾಗಿ ಪಕ್ಕಕ್ಕೆಳೆಯುವುದೂ ಉಂಟು. ಬ್ರೇಕಿನ ಕೊಳವೆಗಳು ಸೆಟೆದುಕೊಳ್ಳದಂತೆಯೂ ನೋಡಬೇಕು.

4. ದೀಪದ ವಿಷಯ

ಮೇಲ್ಕಂಡ ಬಾಧಕಗಳು ಮಾಲೀಕನ ಹಣಕ್ಕೂ ಅವನ ವಾಹನದಲ್ಲಿರುವವರಿಗೂ ಸಂಬಂಧಪಟ್ಟವು. ಇದಾದರೋ ಎದುರಿಗೆ ಬರುವವನ ಪ್ರಾಣಕ್ಕೆ ಸಂಬಂಧಪಟ್ಟುದು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಸುಮಾರು 120 ಅಂಗುಲ ಅಂತರವಿರುವ ಪಿಕಪ್ಪಿನ ಮುಂಭಾಗವನ್ನು 2 ಅಂಗುಲ ಎತ್ತಿದರೆ 60ಕ್ಕೆ 1ರಂತೆ ಓರೆಯಾಗುವುದು. ಅಂದರೆ 100 ಅಡಿ ದೂರದಲ್ಲಿ ದೀಪದ ಬೆಳಕು ಮೊದಲಿಗಿಂತ ಸುಮಾರು 20 ಅಂಗುಲ ಮೇಲಕ್ಕೆ ಬೀಳುವುದು. ಸರಕು ತುಂಬಿ ಹಿಂಭಾಗವು ತಗ್ಗಿದರೆ ಇನ್ನೂ ಮೇಲಕ್ಕೆ. ರಾತ್ರಿ ತರಕಾರಿಯನ್ನು ಹೇರಿಕೊಂಡು ಮಂಡಿಗೆ ಹೊರಟ ಇಂತಹ ಲಾರಿಯ ಎದುರಿಗೆ ಬರುವ ಸೈಕಲ್ಲಿನವನಿಗಾಗಲಿ ಮೋಟಾರ್ ಸೈಕಲ್ಲಿನವನಿಗಾಗಲಿ ಕಣ್ಣು ಕೋರೈಸಿ ದಾರಿಯೇ ಕಾಣದಂತಾಗುವುದು. ರಸ್ತೆಯ ಅಂಚಿನಲ್ಲಿ ನಡೆದುಹೋಗುವವರು ಆಗ ಅವನ ಕಣ್ಣಿಗೆ ಬೀಳುವರೇ?

5. ಮಾಡತಕ್ಕ ಕ್ರಮ

ಮುಂಭಾಗವು ನಿಜವಾಗಿಯೂ ಕುಸಿದಿದ್ದರೆ ಅದು ಸ್ಪ್ರಿಂಗು ಹಳೆಯದಾದ ಲಕ್ಷಣ. ಮಟ್ಟವಾದ ನೆಲದ ಮೇಲೆ ಬರಿಯ ವಾಹನವನ್ನು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕು ಕಡೆಗಳಲ್ಲಿಯೂ ಅಳೆದು ಬರೆದಿಡಬೇಕು. ವಾಹನವು ಹೊಸದಾಗಿರುವಾಗಲೇ ಅಳೆದಿಟ್ಟುಕೊಂಡಲ್ಲಿ ಮುಂದೆ ಹೋಲಿಸಲು ಅನುಕೂಲ. ಕುಸಿದುದು ಕಂಡುಬಂದರೆ ತಯಾರಕರು ಹೇಳಿದ ಅಳತೆಯ ಹೊಸ ಸ್ಪ್ರಿಂಗುಗಳನ್ನು ಎಡಬಲಗಳೆರಡಕ್ಕೂ ಹಾಕಿಸುವುದೇ ಸರಿಯಾದ ಚಿಕಿತ್ಸೆ. ಬಿಲ್ಲೆಯಿಡುವುದು ರೋಗವನ್ನು ಮುಚ್ಚಿದಂತೆ.

ಈಗಾಗಲೇ ಎತ್ತರಿಸಿರುವವರು ಚಕ್ರಗಳ ಓರಣವನ್ನು ಯಂತ್ರದ ಮೇಲೆ ಪರೀಕ್ಷೆ ಮಾಡಿಸಿ, ಹೇರು ತುಂಬಿದ ಸ್ಥಿತಿಯನ್ನೂ ಗಮನಿಸಿ ದೀಪಗಳನ್ನು ತಗ್ಗಿಸಿ, ಕೀಲುಗಳನ್ನೂ ರಬ್ಬರಿನ ಚೀಲಗಳನ್ನೂ ಆಗಾಗ್ಗೆ ನೋಡಿಸುತ್ತಿರಬೇಕು. ಸಾಧ್ಯವಾದರೆ ಮೊದಲಿನ ಸ್ಥಿತಿಗೆ ತರುವುದೇ ಲೇಸು. ಹಳೆಯ ಪಿಕಪ್ಪನ್ನು ಕೊಳ್ಳುವವರು ಸ್ಪ್ರಿಂಗಿನ ತಲೆಯ ಬಳಿ ಹೊಸ ಬಿಲ್ಲೆ ಅಥವಾ ಹೊಳೆಯುವ ಬೋಲ್ಟುಗಳಿವೆಯೇ, ಮುಂದಿನ ಟೈರುಗಳ ಅಂಚು ಒಂದೇ ಕಡೆ ಸವೆದಿದೆಯೇ ಎಂಬುದನ್ನು ನೋಡಿ ಬೆಲೆ ಗೊತ್ತುಮಾಡತಕ್ಕದ್ದು.

ನೋಂದಣಿ ಪತ್ರದಲ್ಲಿ ಕಾಣಿಸಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಆಕ್ಟಿನ 52ನೆಯ ಸೆಕ್ಷನ್ನು ನಿಷೇಧಿಸುತ್ತದೆ. ಆದುದರಿಂದ ಯಾವ ಮಾರ್ಪಾಡಿಗೂ ಮುಂಚೆ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಗ್ರಾಮದ ಮುಖಂಡರೂ ಜಮೀನುದಾರರೂ ನಡೆದ ದಾರಿಯನ್ನೇ ಊರಿನ ತರುಣರು ಅನುಸರಿಸುವುದು ವಾಡಿಕೆ. ಲಾರಿಯ ಅಂದವನ್ನು ಅದು ಬರಿದಾಗಿ ನಿಂತಾಗ ನೋಡದೆ, ಬೆಳೆಯನ್ನು ಹೊತ್ತು ಸುರಕ್ಷಿತವಾಗಿ ಊರು ಸೇರಿದಾಗ ನೋಡಬೇಕೆಂಬುದನ್ನು ಅವರು ತಮ್ಮ ನಡತೆಯಿಂದಲೇ ಕಲಿಸಿಕೊಡುವರೆಂದು ನಂಬುತ್ತೇವೆ.