ಸಕ್ಕರೆ ಇಳಿದರೆ ಸಾಲದು, ಗಾಯಕ್ಕೂ ಊಟ ಬೇಕು

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಕುವೈತಿನ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಧುಮೇಹ. ಮಧುಮೇಹಿಗಳ ಕಾಲಿಗೆ ಹುಣ್ಣಾದಾಗ ಸಕ್ಕರೆ ಇಳಿಸಲೆಂದು ಊಟವನ್ನೇ ಬಿಡುವುದು ತಪ್ಪು ಲೆಕ್ಕ. ಇಳಿಸಬೇಕಾದದ್ದು ಖುಬೂಸ್ ರೊಟ್ಟಿ, ಮಚ್ಬೂಸ್ ಎಂಬ ಮಸಾಲೆ ಅನ್ನ, ಖರ್ಜೂರದ ಪಾಲನ್ನು, ಪ್ರೋಟೀನನ್ನಲ್ಲ. ಸಕ್ಕರೆ ಏರಿದರೆ ಬಿಳಿ ರಕ್ತಕಣಗಳು ಸೋಂಕಿನೆದುರು ಸೊರಗುತ್ತವೆ, ನಿಜ. ಆದರೆ ಹೊಸ ಚರ್ಮಕ್ಕೆ ಬೇಕಾದ ಕೊಲಾಜನ್ ತಯಾರಾಗಲು ಪ್ರೋಟೀನ್, ಸಿ ವಿಟಮಿನ್ ಎರಡೂ ಬೇಕು. ಕುವೈತಿನಲ್ಲಿ ದುಡಿಯುವ ಕನ್ನಡಿಗರಿಗೂ ಮೀನು, ಮೊಟ್ಟೆ, ಕಡಲೆ, ಮೊಸರು ದೂರದ ವಸ್ತುಗಳಲ್ಲ.

ಪ್ರೋಟೀನ್ ಮೂತ್ರಪಿಂಡಕ್ಕೆ ಹೊರೆಯಲ್ಲವೇ? ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಆಕ್ಷೇಪ ಸರಿ. ಅವರು ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು. ಊಟವೊಂದೇ ಹುಣ್ಣನ್ನು ಮಾಯಿಸದು ಎಂಬುದೂ ನಿಜ: ರಕ್ತ ಹರಿಯದ ಕಾಲಿಗೆ ಪೋಷಕಾಂಶವೂ ತಲುಪದು. ಹಾಗೆಂದು ಊಟ ಗೌಣವಾಗುವುದಿಲ್ಲ. ಡ್ರೆಸಿಂಗ್, ಇನ್ಸುಲಿನ್ ಜೊತೆಗೆ ತಟ್ಟೆಯಲ್ಲಿ ಏನಿರಬೇಕೆಂಬುದನ್ನೂ ವೈದ್ಯರು ಚೀಟಿಯಲ್ಲಿ ಬರೆಯಬೇಕು.