ಗಲ್ಲಾಪೆಟ್ಟಿಗೆಯ ಕೀಲಿ ಯಾರ ಕೈಗೆ?

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿಗೂ ಶಾಸನಗಳಿಗೂ ಹೆಸರಾದ ಊರು. ಅಂದಿನವರು ದಾನದತ್ತಿಗಳ ವಿವರವನ್ನು ಕಲ್ಲಿನ ಮೇಲೆ ಕೊರೆಯಿಸಿದರು. ಮುಂದಿನವರು ಕೆಂಪು ರಟ್ಟಿನ ಕಿರ್ದಿ ಪುಸ್ತಕದಲ್ಲಿ ಬರೆದರು. ಇಂದಿನವರ ಲೆಕ್ಕ ಅಂಗೈಯಗಲದ ಮೊಬೈಲಿನಲ್ಲಿದೆ. ಬರೆಯುವ ಸಾಧನ ಬದಲಾಗುವುದು ಹೊಸತಲ್ಲ. ಆದರೆ ಹಿಂದಿನ ಬದಲಾವಣೆಗಳಿಗೆ ತಲೆಮಾರುಗಳೇ ಬೇಕಾದವು; ಈಗಿನದು ಒಬ್ಬ ವರ್ತಕನ ಒಂದೇ ಆಯುಷ್ಯದಲ್ಲಿ, ಅದರಲ್ಲೂ ಕೈಕಾಲಿನ ಕಸುವು ಇಳಿಯತೊಡಗಿದ ವಯಸ್ಸಿನಲ್ಲಿ ಎದುರಾಗಿದೆ.

2016ರ ಏಪ್ರಿಲ್‌ನಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರಂದು ನೋಟು ರದ್ದತಿಯ ಘೋಷಣೆಯಾಯಿತು. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಗೆ ಬಂದವು. 2023ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹೀಗೆ ಏಳೆಂಟು ವರ್ಷಗಳಲ್ಲಿ ಅಂಗಡಿಯ ಆಡಳಿತವೇ ಗಾದಿಯಿಂದ ಪರದೆಗೆ ಸರಿಯಿತು. ಗಾದಿಯ ಮೇಲೆ ಕುಳಿತಿದ್ದ ಹಿರಿಯರು ಎಲ್ಲಿಗೆ ಸರಿದರೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಲಿಲ್ಲ.

ಬೆರಳು ಬಲ್ಲ ವಿದ್ಯೆ

ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೂ ನೀರು ತಂದ ಮೇಲೆ, ಈ ಭಾಗದಲ್ಲಿ ಹತ್ತಿಯ ಹಳೆಯ ವ್ಯಾಪಾರದೊಂದಿಗೆ ಭತ್ತದ ವ್ಯಾಪಾರವೂ ಬೆಳೆಯಿತು. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಪಳಗಿದ ಹಿರಿಯ ಅಡತಿದಾರರು ಒಂದು ಚಿಟಿಕೆ ಹತ್ತಿಯನ್ನು ಬೆರಳುಗಳ ನಡುವೆ ಹಿಂಜಿ ಎಳೆಯ ಉದ್ದವನ್ನು ಅಂದಾಜು ಮಾಡಬಲ್ಲರು. ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು ತೇವವನ್ನು ಹೇಳಬಲ್ಲರು.

ಇಂದು ಈ ಕೆಲಸವನ್ನು ಯಂತ್ರ ಮಾಡುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಹತ್ತಿಯ ತೇವಾಂಶ ಶೇಕಡಾ 8ರಿಂದ 12ರೊಳಗೆ, ಭತ್ತದ್ದು ಶೇಕಡಾ 17ರೊಳಗೆ ಇರಬೇಕೆಂಬ ನಿಯಮವಿದೆ. ಅಂಕಿ ಎಲ್ಲರ ಕಣ್ಣಿಗೂ ಕಾಣುವುದರಿಂದ ರೈತನಿಗೂ ಖರೀದಿದಾರನಿಗೂ ವಾದಕ್ಕೆ ಆಸ್ಪದ ಕಡಿಮೆಯಾಗಿದೆ. ಇದು ಒಳ್ಳೆಯದೇ. ಆದರೆ ಯಾರ ಉದರಿ ಸುಗ್ಗಿಗೆ ತಪ್ಪದೆ ತೀರುತ್ತದೆ, ಯಾರ ಮನೆಯ ಮದುವೆಯಿಂದಾಗಿ ಬಾಕಿ ಒಂದು ವರ್ಷ ತಡವಾಗುತ್ತದೆ, ಯಾವ ಗಿರಣಿಯ ಮಾತು ನೆಚ್ಚಬಹುದು ಎಂಬುದನ್ನು ಯಾವ ಯಂತ್ರವೂ ತೋರಿಸುವುದಿಲ್ಲ. ಅದು ಹಿರಿಯರ ನೆನಪಿನಲ್ಲಿ ಮಾತ್ರ ದಾಖಲಾಗಿದೆ.

ವಿಪರ್ಯಾಸವೆಂದರೆ, ಎಳೆಯ ಗುಣವನ್ನು ಬಲ್ಲ ಅದೇ ಬೆರಳನ್ನು ಬೆರಳಚ್ಚಿನ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ವಯಸ್ಸು ಮತ್ತು ದುಡಿಮೆ ಎರಡೂ ಸೇರಿ ಬೆರಳಿನ ಗೆರೆಗಳನ್ನು ಸವೆಸಿರುತ್ತವೆ. ಆಧಾರ್ ವ್ಯವಸ್ಥೆಯಲ್ಲಿ ಕಣ್ಣಿನ ಪಾಪೆ ಮತ್ತು ಮುಖಚಹರೆಯ ಮೂಲಕ ಗುರುತಿಸುವ ಅವಕಾಶವೂ ಇದೆ ಎಂಬುದನ್ನು ಅರಿತಿರುವುದು ಲೇಸು.

ಕಣ್ಣು, ಕಿವಿ, ಎದೆ

ನಲವತ್ತರ ನಂತರ ಕಣ್ಣಿನ ಮಸೂರ ಬಿಗಿಯಾಗುತ್ತ ಹೋಗಿ ಹತ್ತಿರದ ಅಕ್ಷರಗಳು ಮಸುಕಾಗುವುದು ಸಹಜ. ಸಾದಾ ಓದುವ ಕನ್ನಡಕದಿಂದ ಸರಿಹೋಗುವ ಈ ತೊಂದರೆಯನ್ನೇ ಅನೇಕರು ‘ಈ ಮೊಬೈಲು ನಮಗೆ ಬಗ್ಗುವುದಿಲ್ಲ’ ಎಂದು ತಪ್ಪಾಗಿ ತಿಳಿಯುತ್ತಾರೆ. ಒಂದು ಸೊನ್ನೆ ಹೆಚ್ಚು ಒತ್ತಿದರೆ ಆಗುವ ನಷ್ಟಕ್ಕಿಂತ ಕನ್ನಡಕದ ಬೆಲೆ ಬಹಳ ಕಡಿಮೆ. ಬಂದ ಹಣವನ್ನು ಕನ್ನಡದಲ್ಲಿ ಕೂಗಿ ಹೇಳುವ ಧ್ವನಿಪೆಟ್ಟಿಗೆ, ಪರದೆಯ ಅಕ್ಷರವನ್ನು ದೊಡ್ಡದು ಮಾಡುವ ಸೌಲಭ್ಯ, ಮಾತಾಡಿದರೆ ಬರೆದುಕೊಳ್ಳುವ ವ್ಯವಸ್ಥೆ ಇವೆಲ್ಲ ಹಿರಿಯರಿಗೆ ನೆರವಾಗುವಂಥವು. ತಂತ್ರಜ್ಞಾನ ಮುಪ್ಪಿನ ವೈರಿಯಲ್ಲ. ತೋರಿಸಿಕೊಡುವವರ ತಾಳ್ಮೆಯೇ ಸಾಲದಾಗಿದೆ.

ಜಿನ್ನಿಂಗ್ ಗಿರಣಿಗಳಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮೆಲ್ಲಗೆ ಮಂದವಾಗುತ್ತದೆ. ಅದು ಮೊದಲು ಗೊತ್ತಾಗುವುದು ಮನೆಯವರಿಗೆ. ಹತ್ತಿಯ ಧೂಳಿನಿಂದ ಬರುವ ‘ಬಿಸಿನೋಸಿಸ್’ ಎಂಬ ಶ್ವಾಸಕೋಶದ ರೋಗದಲ್ಲಿ, ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿದಂತಾಗುತ್ತದೆ. ಮುಖಗವಸು ಮತ್ತು ಗಾಳಿಯ ವ್ಯವಸ್ಥೆ ಹಮಾಲರಿಗೆ ಎಷ್ಟು ಮುಖ್ಯವೋ ಮಾಲೀಕರಿಗೂ ಅಷ್ಟೇ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಸುಗ್ಗಿಯಲ್ಲಿ ಮಧ್ಯಾಹ್ನದ ಊಟವನ್ನು ಸಂಜೆ ನಾಲ್ಕಕ್ಕೆ ಮುಂದೂಡಿ, ದಿನವಿಡೀ ಸಕ್ಕರೆ ಚಹಾದ ಮೇಲೆಯೇ ಕಳೆಯುವ ವರ್ತಕರು ಈ ಅಂಕಿಯನ್ನು ಗಮನಿಸಬೇಕು.

ಸಂಖ್ಯೆ ಯಾರ ಮೊಬೈಲಿಗೆ?

ಅಂಗಡಿಯ ಕೀಲಿಗೊಂಚಲಿನ ಸ್ಥಾನದಲ್ಲಿ ಈಗ ಒಟಿಪಿ ಎಂಬ ಗುಪ್ತಸಂಖ್ಯೆ ಬಂದು ಕುಳಿತಿದೆ. ಅದು ಮಗನ ಮೊಬೈಲಿಗೆ ಮಾತ್ರ ಬರುವ ಅಂಗಡಿಯಲ್ಲಿ, ನಲವತ್ತು ವರ್ಷ ವ್ಯಾಪಾರ ನಡೆಸಿದ ತಂದೆ ‘ಇಂದು ಎಷ್ಟು ಜಮೆಯಾಯಿತು?’ ಎಂದು ಸಂಜೆ ಕೇಳಿ ತಿಳಿಯಬೇಕಾಗುತ್ತದೆ. ಕೆಲವರು ಕೇಳುವುದನ್ನೂ ಬಿಡುತ್ತಾರೆ.

ಎಲ್ಲವೂ ತಂದೆಯ ಮೊಬೈಲಿನಲ್ಲೇ ಇರುವ ಅಂಗಡಿಯ ಪಾಡು ಬೇರೆ. ಅವರು ಹಠಾತ್ತನೆ ಆಸ್ಪತ್ರೆ ಸೇರಿದರೆ ತಿಂಗಳ ಜಿಎಸ್‌ಟಿ ವಿವರಪತ್ರ ಸಲ್ಲಿಸುವ ದಿನ ದಾಟಿಹೋಗುತ್ತದೆ. ಸತತ ಎರಡು ಅವಧಿಯ ವಿವರಪತ್ರ ಬಾಕಿ ಉಳಿದರೆ ಇ-ವೇ ಬಿಲ್ ತೆಗೆಯುವುದಕ್ಕೆ ತಡೆ ಬೀಳುತ್ತದೆ. ತುಂಬಿದ ಲಾರಿ ಅಂಗಳದಲ್ಲೇ ನಿಲ್ಲುತ್ತದೆ. ಆದುದರಿಂದ ತಂದೆ ಮಕ್ಕಳಿಬ್ಬರಿಗೂ ಅಧಿಕೃತವಾಗಿ ಸಹಿಯ ಅಧಿಕಾರವಿರುವಂತೆ ಮಾಡಿಕೊಳ್ಳುವುದು ಜಾಣತನ.

ಹಿರಿಯರ ಸಂಶಯ ಬುದ್ಧಿಗೂ ಇಲ್ಲಿ ಬೆಲೆಯಿದೆ. ‘ಡಿಜಿಟಲ್ ಬಂಧನ’ದ ಹೆಸರಿನಲ್ಲಿ ಫೋನ್ ಮೂಲಕ ಹೆದರಿಸಿ ಹಣ ಕೀಳುವವರು ಹೆಚ್ಚಿದ್ದಾರೆ. ಅಂಥ ಬಂಧನ ಕಾನೂನಿನಲ್ಲಿಯೇ ಇಲ್ಲ. ದೊಡ್ಡ ಮೊತ್ತವನ್ನು ಮನೆಯ ಇಬ್ಬರ ಒಪ್ಪಿಗೆಯಿಲ್ಲದೆ ಕಳುಹಿಸಬಾರದೆಂಬ ಕಟ್ಟುಪಾಡು ಇದ್ದರೆ ಒಳಿತು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕಾಲವಿರುವಾಗಲೇ

ಅಂಗಡಿಯನ್ನು ಮುಂದಿನವರಿಗೆ ಒಪ್ಪಿಸುವ ಮಾತನ್ನು ಮನೆಗಳಲ್ಲಿ ಅಪಶಕುನವೆಂದು ಎತ್ತುವುದೇ ಇಲ್ಲ. ಆದರೆ ಕಾನೂನು ಕಾಯುವುದಿಲ್ಲ. ಒಬ್ಬರೇ ಮಾಲೀಕರಾಗಿದ್ದು ಅವರು ತೀರಿಕೊಂಡರೆ, ವ್ಯಾಪಾರ ಮುಂದುವರಿಸುವ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ ಪಡೆಯಬೇಕು. ಖಾತೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಹಳೆಯ ತೆರಿಗೆ ಬಾಕಿಯ ಹೊಣೆಯೂ ಅವರ ಮೇಲೆಯೇ ಬರುತ್ತದೆ. 1932ರ ಪಾಲುದಾರಿಕೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಪಾಲುದಾರನೊಬ್ಬನ ಮರಣದಿಂದ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಇವನ್ನೆಲ್ಲ ಆರೋಗ್ಯ ಚೆನ್ನಾಗಿರುವಾಗಲೇ ಲೆಕ್ಕಪರಿಶೋಧಕರೊಡನೆ ಕುಳಿತು ಸರಿಪಡಿಸಿಕೊಳ್ಳಬಹುದು.

ಕಾಗದಪತ್ರಗಳಿಂದ ಅಂಗಡಿ ಕೈ ಬದಲಾಯಿಸೀತು. ಅನುಭವ ಹಾಗೆ ದಾಟಿ ಬರುವುದಿಲ್ಲ. ಅದಕ್ಕೆ ಸಂಜೆ ಅಂಗಡಿ ಮುಚ್ಚುವ ಮುನ್ನ ಅರ್ಧ ಗಂಟೆ ಸಾಕು. ಮಗ ಅಥವಾ ಮಗಳು ಮೊಬೈಲಿನಲ್ಲಿ ಅಂದಿನ ಜಮಾಖರ್ಚು ಓದಿ ಹೇಳಲಿ. ತಂದೆ ಒಂದೊಂದು ಹೆಸರು ಬಂದಾಗಲೂ ಆ ಗಿರಾಕಿಯ ಊರು, ಮನೆತನ, ನಡೆ ನುಡಿಗಳನ್ನು ಹೇಳಲಿ, ಕಿರಿಯರು ಬರೆದುಕೊಳ್ಳಲಿ. ಒಂದು ಸುಗ್ಗಿ ಕಳೆಯುವುದರೊಳಗೆ ತಂದೆಗೆ ಪರದೆಯ ಪರಿಚಯವಾಗಿರುತ್ತದೆ. ಮಕ್ಕಳಿಗೆ ಗಿರಾಕಿಗಳ ಪರಿಚಯವಾಗಿರುತ್ತದೆ.